ಕಾಲಿಗೆ ತೊಡುವ ರೆಕ್ಕೆ

ಬಯಲುಸೀಮೆಯಲ್ಲಿ ಕುಳಿತು ನೀರಿನೊಳಕ್ಕೆ ಮುಳುಗುವವರ ಸಾಧನವೊಂದನ್ನು ಕುರಿತು ಬರೆಯಹೊರಟಿರುವೆವೆಂದರೆ ವಾಚಕರಲ್ಲಿ ಕೆಲವರಿಗೆ ನಗೆ ಬಂದೀತು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಗೃಹಸ್ಥರಿಗೆ ಕುಡಿಯುವ ನೀರು ಸಿಕ್ಕಿದರೆ ಸಾಕೆಂಬ ಕಾಲವೇ ಹೆಚ್ಚು. ಆದರೂ ಈ ಸೀಮೆಯ ಚರಿತ್ರೆಯು ನೀರನ್ನು ಹಿಡಿದು ನಿಲ್ಲಿಸಿದವರ ಚರಿತ್ರೆಯೇ ಆಗಿದೆ. ಚಂದ್ರವಳ್ಳಿಯ ಬಂಡೆಯ ಮೇಲೆ ಮಯೂರಶರ್ಮನು ಬರೆಯಿಸಿದ ಶಾಸನವು ಹೇಳುವುದು ಕೆರೆಯ ಮಾತನ್ನು. ದುರ್ಗದ ಕೋಟೆಯೊಳಗೆ ಗೋಪಾಲಸ್ವಾಮಿ ಹೊಂಡವೂ ಅಕ್ಕತಂಗಿಯರ ಹೊಂಡವೂ ಇರುವುವು. 1898ರಲ್ಲಿ ಆರಂಭವಾಗಿ 1907ರಲ್ಲಿ ಮುಗಿದ ಮಾರಿಕಣಿವೆಯ ಕಟ್ಟೆಯು ವೇದಾವತಿಯನ್ನು ತಡೆದು ವಾಣೀವಿಲಾಸ ಸಾಗರವನ್ನು ಮಾಡಿತು. ಆ ಸಾಗರವು 1933ರಲ್ಲಿ ಒಮ್ಮೆ ತುಂಬಿ, ಅಲ್ಲಿಂದ ಎಂಬತ್ತೊಂಬತ್ತು ವರ್ಷ ತುಂಬದೆ ಇದ್ದು, 2022ರಲ್ಲಿ ಕೋಡಿ ಹರಿದಾಗ ಮುದುಕರೂ ಮಕ್ಕಳೂ ಬಂಡಿ ಬಸ್ಸುಗಳಲ್ಲಿ ಹೋಗಿ ನೋಡಿ ಬಂದರು. 2025ರ ಜನವರಿಯಲ್ಲಿ ಅದು ಮೂರನೆಯ ಸಲ ತುಂಬಿತು.

ನೀರು ಬಂದೊಡನೆ ನೀರಿನ ಆಟವೂ ಬಂದಿತು. ಅದಕ್ಕಿಂತ ಮುಖ್ಯವಾಗಿ, ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ನಮ್ಮ ಊರುಗಳ ಹುಡುಗರು ರಜಾದಿನಗಳಲ್ಲಿ ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪಕ್ಕೋ ಅಂಡಮಾನಿಗೋ ಹೋಗಿ, ಮುಳುಗುವುದನ್ನು ಕಲಿತು ಬರುತ್ತಿರುವರು. ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು ಮುಳುಗುವುದು ಒಂದು ಬಗೆ. ಒಂದೇ ಉಸಿರನ್ನು ಎದೆಯಲ್ಲಿ ಹಿಡಿದು ಮುಳುಗಿ ಮೇಲೆ ಬರುವುದು ಇನ್ನೊಂದು ಬಗೆ. ಇದಕ್ಕೆ ಫ್ರೀಡೈವಿಂಗ್ ಎಂದು ಹೆಸರು. ಈ ಎರಡನೆಯವರ ಸಾಮಾನಿನಲ್ಲಿ ಮುಖ್ಯವಾದದ್ದು ಗಜದುದ್ದಕ್ಕೆ ಸಮೀಪವಾದ ಒಂದು ಜೊತೆ ಹಲಗೆಗಳು. ಅಂಗಡಿಯವರು ಫಿನ್ ಎನ್ನುವರು.

ಹೊಸದುರ್ಗದ ಪರಿಚಿತರೊಬ್ಬರ ಮನೆಗೆ ಇಂಥ ಪಾರ್ಸಲೊಂದು ಬಂದಿತ್ತು. ಆ ಮನೆಯ ಯಜಮಾನಿಯವರು ನಮ್ಮನ್ನು ಕೇಳಿದ ಪ್ರಶ್ನೆ ಎರಡು. "ಮೇಷ್ಟ್ರೇ, ಈ ಹಲಗೆಗೆ ನಲವತ್ತು ಸಾವಿರ ಕೊಟ್ಟಿದ್ದಾನಂತೆ, ಇದರಲ್ಲಿ ಅಂಥಾದ್ದೇನಿದೆ?" ಎಂಬುದು ಮೊದಲನೆಯದು. "ಹೋಗಲಿ ಬಿಡಿ, ಇದನ್ನು ಹಾಕಿಕೊಂಡರೆ ಮುಳುಗಿಹೋಗುವ ಭಯ ಇಲ್ಲ ತಾನೆ?" ಎಂಬುದು ಎರಡನೆಯದು. ಮೊದಲನೆಯ ಪ್ರಶ್ನೆಗೆ ಉತ್ತರವು ದೀರ್ಘವಾದದ್ದು. ಎರಡನೆಯದಕ್ಕೆ ಒಂದೇ ಮಾತಿನ ಉತ್ತರ: ಇದೆ. ಈ ಎರಡೂ ಬೇರೆಬೇರೆಯಲ್ಲವೆಂಬುದನ್ನು ತೋರಿಸುವುದೇ ಈ ಬರಹದ ಉದ್ದೇಶ.

ಮೊದಲು ಹೆಸರಿನ ವಿಚಾರ. ಸಂಸ್ಕೃತದಲ್ಲಿ ಪಾದಪಕ್ಷ ಎಂದು ಸಮಾಸಮಾಡೋಣವೆಂದು ನಮಗೆ ಆಸೆಯಾಯಿತು. ಆದರೆ ಪಾದದಿಂದ ನೀರು ಕುಡಿಯುವುದು ಪಾದಪ, ಅಂದರೆ ಮರ. ಓದುವವನು ಪದವನ್ನು ತಪ್ಪಾಗಿ ಒಡೆದರೆ ಈಜುಗಾರನು ಮರವಾಗಿ ನಿಲ್ಲುವನು. ಆದಕಾರಣ ಕಾಲುರೆಕ್ಕೆ ಎಂದು ಕನ್ನಡದಲ್ಲಿಯೇ ಕರೆಯುವೆವು. ಮೀನಿನ ಈಜುರೆಕ್ಕೆಯನ್ನು ಬಲ್ಲ ಮಕ್ಕಳಿಗೆ ಇದು ಸುಲಭವಾಗಿ ತಿಳಿಯುವುದು. ಇದರಲ್ಲಿ ಪಾದವನ್ನು ತೂರಿಸುವ ರಬ್ಬರಿನ ಭಾಗವನ್ನು ಮೆಟ್ಟು ಎಂದೂ, ಮುಂದಕ್ಕೆ ಚಾಚಿದ ತೆಳುಹಲಗೆಯನ್ನು ಅಲಗು ಎಂದೂ ಹೇಳುವೆವು.

ನಮ್ಮ ಕಡೆಯ ಈಜಿನ ಸಾಧನಗಳು ಯಾವುವೆಂಬುದನ್ನು ಎಲ್ಲರೂ ಬಲ್ಲರು. ಒಣಗಿದ ಸೋರೆಬುರುಡೆ, ಕತ್ತಾಳೆಯ ಬೆಂಡು, ಸೊಂಟಕ್ಕೆ ಕಟ್ಟಿದ ಹಗ್ಗ. ಈಚೆಗೆ ಲಾರಿಯ ಟ್ಯೂಬು, ಎಣ್ಣೆಯ ಕ್ಯಾನು. ಇವೆಲ್ಲವೂ ತೇಲಿಸುವ ವಸ್ತುಗಳು. ಕಲಿಯುವವನು ಕೈಕಾಲು ಆಡಿಸುವುದನ್ನು ಮರೆತರೂ ಬೆಂಡು ಮರೆಯುವುದಿಲ್ಲ. ಯಜಮಾನಿಯವರು ಕಾಲುರೆಕ್ಕೆಯನ್ನೂ ಇದೇ ಜಾತಿಗೆ ಸೇರಿಸಿದ್ದರು. ಅದು ಸಹಜವೇ. ಆದರೆ ಕಾಲುರೆಕ್ಕೆ ಯಾರನ್ನೂ ತೇಲಿಸುವುದಿಲ್ಲ. ಉಸಿರನ್ನು ಕೊಡುವುದೂ ಇಲ್ಲ. ದುರ್ಯೋಧನನಿಗೆ ಜಲಸ್ತಂಭವಿದ್ಯೆಯಿತ್ತು, ಕೊಳದ ತಳದಲ್ಲಿ ಕುಳಿತುಕೊಂಡನು. ಮಿಕ್ಕವರು ಎದೆಯಲ್ಲಿರುವ ಉಸಿರು ಮುಗಿಯುವುದರೊಳಗೆ ಮೇಲೆ ಬರಬೇಕು. ಆ ಉಸಿರನ್ನು ವೆಚ್ಚಮಾಡುವುದರಲ್ಲಿ ಮಿತವ್ಯಯ ಮಾಡಿಸುವುದಷ್ಟೇ ಕಾಲುರೆಕ್ಕೆಯ ಕೆಲಸ. ಅದರ ಉದ್ದ, ಬಾಗು, ಅಂಚು, ದ್ರವ್ಯ, ಬೆಲೆ ಎಲ್ಲವೂ ಈ ಒಂದು ಲೆಕ್ಕದಿಂದ ಹುಟ್ಟಿದವು.

ಈ ಯೋಚನೆ ಹಳೆಯದು. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನನು ಬಾಲಕನಾಗಿದ್ದಾಗ ಹತ್ತು ಅಂಗುಲ ಉದ್ದ, ಆರಂಗುಲ ಅಗಲದ ಎರಡು ಮರದ ಹಲಗೆಗಳಿಗೆ ಹೆಬ್ಬೆರಳಿನ ತೂತು ಕೊರೆದು, ಅವನ್ನು ಅಂಗೈಗಳಲ್ಲಿ ಹಿಡಿದು ಈಜಿದನು. ವೇಗವೇನೋ ಹೆಚ್ಚಿತು, ಮಣಿಕಟ್ಟು ನೋಯಿತು. ಪಾದಕ್ಕೂ ಒಂದು ಬಗೆಯ ಹಲಗೆ ಕಟ್ಟಿ ನೋಡಿದನು; ಅದು ಅವನಿಗೆ ತೃಪ್ತಿಕರವಾಗಲಿಲ್ಲ. ಆಮೇಲೆ ಇನ್ನೂರು ವರ್ಷಗಳವರೆಗೆ ಇದು ಮುಂದೆ ಸಾಗಲಿಲ್ಲವೆಂದೇ ಹೇಳಬಹುದು. ರಬ್ಬರು ಬಳಕೆಗೆ ಬಂದ ಮೇಲೆ, 1933ರಲ್ಲಿ ಫ್ರೆಂಚ್ ನೌಕಾಧಿಕಾರಿ ಲೂಯಿ ದ ಕೊರ್ಲಿಯೂ ಎಂಬಾತನು ಪಾದಕ್ಕೆ ತೊಡುವ ರೆಕ್ಕೆಗೆ ಪೇಟೆಂಟು ಪಡೆದನು. ನಮ್ಮ ಸಾಗರವು ಮೊದಲು ತುಂಬಿದ ವರ್ಷವೂ ಅದೇ. 1940ರಲ್ಲಿ ಅಮೆರಿಕದ ಓವೆನ್ ಚರ್ಚಿಲ್ ಇಂಥವನ್ನು ಅಲ್ಲಿ ಮಾರಾಟಕ್ಕೆ ತಂದನು; ಯುದ್ಧದಲ್ಲಿ ಅವು ನೌಕಾಪಡೆಯ ಮುಳುಗುಗಾರರ ಕಾಲು ಸೇರಿದವು. 1950ರ ದಶಕದ ಆದಿಯಲ್ಲಿ ಇಟಲಿಯ ಲುಯಿಜಿ ಫೆರಾರೊ ಹಿಮ್ಮಡಿಯನ್ನೂ ಮುಚ್ಚುವ ಮೆಟ್ಟನ್ನು ರೂಪಿಸಿದನು. ಇಂದಿನ ಉದ್ದನೆಯ ಕಾಲುರೆಕ್ಕೆಗಳಿಗೆಲ್ಲ ಆ ಮೆಟ್ಟೇ ಮೂಲ.

ಇನ್ನು ಇದು ಕೆಲಸಮಾಡುವ ಬಗೆ. ಇದಕ್ಕೆ ಮನೆಯ ಬೀಸಣಿಗೆಯೇ ಗುರು. ಬೇಸಗೆಯಲ್ಲಿ ವಿದ್ಯುತ್ತು ಹೋದಾಗ ದಪ್ಪ ರಟ್ಟಿನಿಂದ ಬೀಸಿಕೊಂಡು ನೋಡಿರಿ: ಎರಡು ನಿಮಿಷದಲ್ಲಿ ಕೈ ಸೋಲುವುದು. ಬಟ್ಟೆಯ ತುಂಡಿನಿಂದ ಬೀಸಿದರೆ ಕೈ ಸೋಲದು, ಗಾಳಿಯೂ ಬಾರದು. ತಾಳೆಗರಿಯ ಬೀಸಣಿಗೆಯಾದರೋ ಹಿಡಿಯ ಹತ್ತಿರ ಗಟ್ಟಿಯಾಗಿ, ತುದಿಯಲ್ಲಿ ಮೆತ್ತಗಾಗಿ ಬಾಗಿ, ಪ್ರತಿ ಬೀಸಿಗೂ ಹಿಂದಕ್ಕೆ ಚಿಮ್ಮಿ ಗಾಳಿಯನ್ನು ಮುಂದಕ್ಕೆ ಕಳುಹಿಸುವುದು. ಕಾಲುರೆಕ್ಕೆಯ ಅಲಗು ನೀರಿನಲ್ಲಿ ಮಾಡುವುದು ಇದನ್ನೇ. ಆದರೆ ನೀರು ಗಾಳಿಗಿಂತ ಸುಮಾರು ಎಂಟುನೂರು ಪಟ್ಟು ಸಾಂದ್ರವಾದದ್ದು. ಆದಕಾರಣ ಇಲ್ಲಿ ಅಲ್ಪ ದೋಷಕ್ಕೂ ದಂಡ ಹೆಚ್ಚು.

ಉದ್ದ ಯಾತಕ್ಕೆ? ನೀರನ್ನು ಹಿಂದಕ್ಕೆ ನೂಕಿದರೆ ದೇಹವು ಮುಂದಕ್ಕೆ ಹೋಗುವುದೆಂಬ ನ್ಯೂಟನ್ನನ ನಿಯಮವನ್ನು ಶಾಲೆಯ ಮಕ್ಕಳೂ ಬಲ್ಲರು. ಆದರೆ ಅದೇ ನೂಕನ್ನು ಎರಡು ಬಗೆಯಾಗಿ ಪಡೆಯಬಹುದು: ಸ್ವಲ್ಪ ನೀರನ್ನು ಬಲವಾಗಿ ಒದೆಯುವುದು, ಇಲ್ಲವೆ ಹೆಚ್ಚು ನೀರನ್ನು ಮೆಲ್ಲಗೆ ತಳ್ಳುವುದು. ಇಮ್ಮಡಿ ನೀರನ್ನು ಅರ್ಧ ವೇಗದಿಂದ ತಳ್ಳಿದರೆ ದೊರೆಯುವ ನೂಕು ಅಷ್ಟೇ. ಆದರೆ ಆ ನೀರಿಗೆ ಕೊಟ್ಟು ಕಳೆದುಕೊಳ್ಳುವ ಶಕ್ತಿ ಅರ್ಧಕ್ಕೆ ಇಳಿಯುವುದು. ಏಕೆಂದರೆ ಶಕ್ತಿಯ ಲೆಕ್ಕದಲ್ಲಿ ವೇಗವು ವರ್ಗವಾಗಿ ಸೇರುತ್ತದೆ. ಬರಿಗಾಲಿನವನು ಮೊದಲ ಬಗೆಯವನು. ಉದ್ದನೆಯ ಅಲಗುಳ್ಳವನು ಎರಡನೆಯ ಬಗೆಯವನು. ಸಿಲಿಂಡರು ಕಟ್ಟಿಕೊಂಡವರಿಗೆ ಗಿಡ್ಡ ರೆಕ್ಕೆ ಸಾಕು, ಅವರ ಉಸಿರು ಬೆನ್ನಿನ ಮೇಲಿದೆ. ಒಂದೇ ಉಸಿರಿನವನಿಗೆ ಎಂಬತ್ತು ತೊಂಬತ್ತು ಸೆಂಟಿಮೀಟರು ಉದ್ದದ್ದು ಬೇಕಾಗುವುದು ಈ ಕಾರಣದಿಂದ.

ಮೆಟ್ಟಿಗೂ ಅಲಗಿಗೂ ನಡುವೆ ಒಂದು ಕೋನವಿದೆ. ಸಾಮಾನ್ಯವಾಗಿ ಇಪ್ಪತ್ತರಿಂದ ಮೂವತ್ತು ಅಂಶ. ನಾವು ಪಾದವನ್ನು ಎಷ್ಟು ಚಾಚಿದರೂ ಅದು ಮೊಣಕಾಲಿನ ಕೆಳಗಿನ ಎಲುಬಿಗೆ ಸರಿಯಾದ ನೇರದಲ್ಲಿ ಬರುವುದಿಲ್ಲ, ಸ್ವಲ್ಪ ಮುಂದಕ್ಕೆ ಉಳಿದೇ ಇರುವುದು. ಆ ಕೊರತೆಯನ್ನು ಕೋನವು ತುಂಬಿಕೊಟ್ಟು ಅಲಗನ್ನು ಕಾಲಿನ ನೇರಕ್ಕೆ ತರುತ್ತದೆ. ಇಲ್ಲದಿದ್ದರೆ ಮುಂದಕ್ಕೆ ಒದೆಯುವಾಗ ಹೆಚ್ಚು, ಹಿಂದಕ್ಕೆ ಒದೆಯುವಾಗ ಕಡಮೆ ನೀರು ಸಿಕ್ಕಿ, ಎತ್ತು ಜೋಡಿ ತಪ್ಪಿದ ಗಾಡಿಯಂತಾಗುವುದು. ಅಲಗಿನ ಎರಡು ಅಂಚುಗಳಲ್ಲಿ ರಬ್ಬರಿನ ಕಿರಿದಾದ ಪಟ್ಟಿಯನ್ನು ಅಂಟಿಸಿರುವರು. ಇದು ಮೊರದ ಅಂಚಿದ್ದ ಹಾಗೆ: ಅಂಚಿಲ್ಲದ ಮೊರದಿಂದ ಕಾಳು ಪಕ್ಕಕ್ಕೆ ಚೆಲ್ಲಿಹೋಗುವಂತೆ ಪಟ್ಟಿಯಿಲ್ಲದ ಅಲಗಿನಿಂದ ನೀರು ಪಕ್ಕಕ್ಕೆ ಜಾರುವುದು, ಕಾಲೂ ಅಡ್ಡ ತಿರುಗುವುದು.

ಮೆಟ್ಟಿನ ವಿಷಯವನ್ನು ಅಂಗಡಿಯವರು ಹೆಚ್ಚು ಹೇಳುವುದಿಲ್ಲ, ಕೊಳ್ಳುವವರೂ ಕೇಳುವುದಿಲ್ಲ. ನಮ್ಮ ಅಭಿಪ್ರಾಯದಲ್ಲಿ ಬೆಲೆಯ ಅಲಗಿಗಿಂತ ಸರಿಯಾದ ಮೆಟ್ಟೇ ಮೇಲು. ಸಡಿಲವಾದರೆ ಕಾಲಿನ ಬಲವು ಅಲಗಿಗೆ ತಲಪುವ ಮೊದಲೇ ಮೆಟ್ಟಿನಲ್ಲಿ ಸೋರಿಹೋಗುವುದು. ಬಿಗಿಯಾದರೆ ನೀರಿನಲ್ಲಿ ಮೀನಖಂಡವು ಹಿಡಿದುಕೊಳ್ಳುವುದು. ಮುಳುಗುವವರು ತೊಡುವ ರಬ್ಬರಿನ ಕಾಲುಚೀಲವನ್ನು ಹಾಕಿಕೊಂಡೇ ಅಳತೆ ನೋಡಬೇಕು. ಅಂಚೆಯ ಮೂಲಕ ತರಿಸುವವರು ಇದರಲ್ಲಿ ಮೋಸಹೋಗುವುದೇ ಹೆಚ್ಚು.

ಈಗ ದ್ರವ್ಯದ ವಿಚಾರಕ್ಕೆ ಬರೋಣ. ನಲವತ್ತು ಸಾವಿರದ ಗುಟ್ಟು ಇರುವುದು ಇಲ್ಲಿ.

ಅಗ್ಗವಾದದ್ದು ಪ್ಲಾಸ್ಟಿಕ್ಕಿನ ಅಲಗು. ಕರಗಿಸಿ ಅಚ್ಚಿಗೆ ಹೊಯ್ಯುವುದರಿಂದ ಒಂದೇ ರೂಪದ ಸಾವಿರಾರನ್ನು ಮಾಡಬಹುದು, ಬೆಲೆ ಕೆಲವು ಸಾವಿರ ರೂಪಾಯಿಗಳೊಳಗೆ ನಿಲ್ಲುವುದು. ಕಲ್ಲಿಗೆ ತಾಗಿದರೂ ಗೀಚು ಬೀಳುವುದೇ ಹೊರತು ಸುಲಭವಾಗಿ ಮುರಿಯದು. ಆದರೆ ಬಾಗಿಸಿದ ಪ್ಲಾಸ್ಟಿಕ್ಕು ಹಸಿಕೋಲಿನ ಹಾಗೆ. ಬಾಗಿಸಲು ಕೊಟ್ಟ ಶಕ್ತಿಯಲ್ಲಿ ಒಂದು ಭಾಗವನ್ನು ತಾನೇ ನುಂಗಿ, ಉಳಿದದ್ದನ್ನು ನಿಧಾನವಾಗಿ ಹಿಂದಿರುಗಿಸುತ್ತದೆ. ಬಿಸಿಲಿಗೆ ಮೆತ್ತಗಾಗುತ್ತದೆ, ವರ್ಷ ಕಳೆದ ಹಾಗೆ ಸೋಲುತ್ತದೆ.

ಎರಡನೆಯದು ಗಾಜಿನ ನಾರು. ಇದನ್ನು ವಿವರಿಸಲು ನಾವು ದೂರ ಹೋಗಬೇಕಾಗಿಲ್ಲ. ಜೋಗಿಮಟ್ಟಿಯ ಬೆಟ್ಟದ ಸಾಲಿನ ಮೇಲೆಯೂ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಗುಡ್ಡಗಳ ಮೇಲೆಯೂ ತಿರುಗುತ್ತಿರುವ, ನಮ್ಮ ಹಳ್ಳಿಗರು ಫ್ಯಾನೆಂದೇ ಕರೆಯುವ ಗಾಳಿಯಂತ್ರಗಳ ರೆಕ್ಕೆಗಳು ಇದೇ ದ್ರವ್ಯದವು. ಹಿರಿಯೂರಿನ ಹೆದ್ದಾರಿಯಲ್ಲಿ ಆ ರೆಕ್ಕೆಯನ್ನು ಹೊತ್ತ ಉದ್ದನೆಯ ಲಾರಿ ತಿರುವು ತೆಗೆದುಕೊಳ್ಳುವುದನ್ನು ನಿಂತು ನೋಡದವರಾರು? ಗಾಜೆಂದರೆ ಒಡೆಯುವ ವಸ್ತು, ಅದು ಬಾಗುವುದು ಹೇಗೆಂದು ಕೇಳಬಹುದು. ಕರಗಿದ ಗಾಜನ್ನು ಕೂದಲಿಗಿಂತ ತೆಳುವಾಗಿ ಎಳೆದರೆ ಅದು ನೂಲಾಗಿ, ನೇಯಲು ಒದಗುವುದು. ಹಾಗೆ ನೇಯ್ದ ಬಟ್ಟೆಗೆ ಎಪಾಕ್ಸಿ ಎಂಬ ಅಂಟುರಾಳವನ್ನು ಕುಡಿಸಿ, ಪದರದ ಮೇಲೆ ಪದರವಿಟ್ಟು, ಒತ್ತಿ, ನಡುವಿನ ಗಾಳಿಯನ್ನು ತೆಗೆದು ಗಟ್ಟಿಗೊಳಿಸುವರು. ಪಂಚೆಗೆ ಗಂಜಿ ಹಾಕುವ ಗೃಹಿಣಿಯರಿಗೆ ಇದರ ತತ್ತ್ವವನ್ನು ಹೇಳಿಕೊಡಬೇಕಾದದ್ದಿಲ್ಲ. ನೂಲು ಎಳೆತವನ್ನು ತಾಳಿಕೊಳ್ಳುವುದು. ರಾಳವು ನೂಲುಗಳನ್ನು ಅವುಗಳ ಜಾಗದಲ್ಲಿ ಹಿಡಿದಿಡುವುದು.

ಪದರಗಳ ಎಣಿಕೆಯಲ್ಲಿಯೇ ಅಲಗಿನ ಕೌಶಲವೆಲ್ಲ ಇರುವುದು. ಗಾಳಿಯಂತ್ರದ ರೆಕ್ಕೆ ಬುಡದಲ್ಲಿ ದಪ್ಪ, ತುದಿಯಲ್ಲಿ ತೆಳುವು. ಕಾಲುರೆಕ್ಕೆಯ ಅಲಗೂ ಹಾಗೆಯೇ. ಮೆಟ್ಟಿನ ಹತ್ತಿರ ಪದರಗಳು ಹೆಚ್ಚಾಗಿದ್ದು, ಮುಂದೆ ಹೋದ ಹಾಗೆಲ್ಲ ಒಂದೊಂದಾಗಿ ನಿಂತುಹೋಗುವುವು. ಆದ್ದರಿಂದ ಒದೆದಾಗ ಅಲಗು ಒಂದೇ ಕಡೆ ಮಡಿಚಿಕೊಳ್ಳದೆ, ಮೀನುಗಾರನ ಗಾಳದ ಕೋಲಿನಂತೆ ಬುಡದಿಂದ ತುದಿಯವರೆಗೆ ಒಂದೇ ಸಮನಾದ ಬಿಲ್ಲಾಗಿ ಬಾಗುವುದು. ಗುಡ್ಡದ ಮೇಲಿನ ರೆಕ್ಕೆ ಗಾಳಿಯ ಚಲನೆಯನ್ನು ತೆಗೆದುಕೊಂಡು ನಮಗೆ ಕೊಡುತ್ತದೆ. ಕಾಲಿನ ಮೇಲಿನ ರೆಕ್ಕೆ ನಮ್ಮ ಚಲನೆಯನ್ನು ತೆಗೆದುಕೊಂಡು ನೀರಿಗೆ ಕೊಡುತ್ತದೆ.

ಮೂರನೆಯದು ಕಾರ್ಬನ್ ಫೈಬರು, ಎಂದರೆ ಇಂಗಾಲದ ನಾರು. ಕೃತಕ ನೂಲೊಂದನ್ನು ಆಮ್ಲಜನಕ ಸೋಕದಂತೆ ಸಾವಿರ ಡಿಗ್ರಿಗೂ ಮೀರಿದ ಕಾವಿನಲ್ಲಿ ಸುಟ್ಟರೆ ಮಿಕ್ಕದ್ದೆಲ್ಲ ಹೋಗಿ ಇಂಗಾಲವು ಉಳಿಯುವುದು. ಜಾಲಿಯ ಕಟ್ಟಿಗೆಗೆ ಮಣ್ಣು ಮುಚ್ಚಿ ಇದ್ದಲು ಮಾಡುವವರ ವಿದ್ಯೆಯೂ ಇದೇ. ಆದರೆ ಇಲ್ಲಿ ಎಳೆಯು ಎಳೆಯಾಗಿಯೇ ಉಳಿಯಬೇಕು, ಅದರ ದಪ್ಪವೋ ತಲೆಗೂದಲಿನ ಹತ್ತರಲ್ಲೊಂದು ಪಾಲು. ಇದು ಗಾಜಿನ ನಾರಿಗಿಂತ ಹಗುರ, ಬಿರುಸಿನಲ್ಲಿ ಅದಕ್ಕಿಂತ ಬಹಳ ಹೆಚ್ಚು. ಬೆಂಗಳೂರಿನಲ್ಲಿ ತಯಾರಾಗುವ ತೇಜಸ್ ಯುದ್ಧವಿಮಾನದ ರೆಕ್ಕೆಗಳಿಗೂ ಇದನ್ನೇ ಬಳಸಿರುವರು. ಇಂಥ ಅಲಗು ಬಾಗಿದೊಡನೆ ಬಿಲ್ಲಿನ ಹಾಗೆ ಚಿಮ್ಮಿ, ತೆಗೆದುಕೊಂಡ ಶಕ್ತಿಯಲ್ಲಿ ಬಹುಭಾಗವನ್ನು ಹಿಂದಕ್ಕೆ ಕೊಡುವುದು. ಒಂದು ಮುಳುಗಿಗೆ ಹಲವು ಹತ್ತು ಒದೆತಗಳು. ಒಂದೊಂದರಲ್ಲಿಯೂ ಉಳಿದ ಅಲ್ಪವು ಕೂಡಿ ಕೊನೆಗೆ ಕೆಲವು ಕ್ಷಣಗಳ ಉಸಿರಾಗುವುದು. ಹತ್ತಾರು ಸಾವಿರ ರೂಪಾಯಿ ಕೊಟ್ಟು ಕೊಳ್ಳುವುದು ಆ ಕೆಲವು ಕ್ಷಣಗಳನ್ನು. ಅಷ್ಟು ಬೆಲೆಯ ವಸ್ತುವು ಬಂಡೆಯ ಅಂಚಿಗೆ ಜೋರಾಗಿ ಬಡಿದರೆ ಬಿರುಕುಬಿಡುವುದು ಅಥವಾ ಒಳಪದರಗಳು ಒಂದರಿಂದೊಂದು ಬಿಟ್ಟುಕೊಳ್ಳುವುವು. ಕಲಿಯುವವನು ಗೋಡೆಗೂ ಮೆಟ್ಟಿಲಿಗೂ ಕಾಲು ಬಡಿಯದೆ ಇರುವನೆ?

ಬಿರುಸು ಹೆಚ್ಚಿದಷ್ಟೂ ಒಳ್ಳೆಯದೆಂದು ಹುಡುಗರು ನಂಬಿರುವರು. ಅದು ಸರಿಯಲ್ಲ. ಬಿರುಸಾದ ಅಲಗನ್ನು ಬಾಗಿಸಲು ತೊಡೆಯ ಸ್ನಾಯು ಹೆಚ್ಚು ದುಡಿಯಬೇಕು. ದುಡಿಯುವ ಸ್ನಾಯು ಆಮ್ಲಜನಕವನ್ನು ತಿನ್ನುವುದು. ಮಿತವ್ಯಯಕ್ಕಾಗಿ ತಂದ ಸಾಧನವೇ ದುಂದುಗಾರನಾಗುವುದು. ಮೊದಲ ಎರಡು ಮೂರು ವರ್ಷ ಮೆತ್ತನೆಯ ಪ್ಲಾಸ್ಟಿಕ್ಕಿನ ಅಲಗು ಸಾಕು. ಒದೆತವು ಸೊಂಟದಿಂದ ಬರುವ ಅಭ್ಯಾಸವಾದ ಮೇಲೆ ಗಾಜಿನ ನಾರಿನದನ್ನು ಕೊಳ್ಳಲಿ. ಮೆಟ್ಟನ್ನು ಉಳಿಸಿಕೊಂಡು ಅಲಗನ್ನು ಮಾತ್ರ ಬದಲಾಯಿಸಬಹುದಾದ ಮಾದರಿಗಳು ದೊರೆಯುವುವು. ಸಂಸಾರಿಗಳಿಗೆ ಅದು ಲಾಭಕರ.

ಎರಡು ಕಾಲಿಗೂ ಸೇರಿ ಒಂದೇ ಅಗಲವಾದ ಅಲಗುಳ್ಳ ಮೋನೋಫಿನ್ ಎಂಬುದೂ ಉಂಟು. ಅದನ್ನು ತೊಟ್ಟವನು ಡಾಲ್ಫಿನ್ನಿನ ಹಾಗೆ ಮೈಯನ್ನೇ ಅಲೆಯಾಗಿ ಬಳುಕಿಸುವನು. ರೆಕ್ಕೆಯ ಬಲವೆಷ್ಟೆಂಬುದನ್ನು ಎರಡು ದಾಖಲೆಗಳು ತೋರಿಸುವುವು. ನ್ಯೂಜಿಲೆಂಡಿನ ವಿಲಿಯಂ ಟ್ರೂಬ್ರಿಜ್ 2016ರಲ್ಲಿ ಯಾವ ರೆಕ್ಕೆಯೂ ಇಲ್ಲದೆ 102 ಮೀಟರು ಆಳಕ್ಕೆ ಹೋಗಿ ಬಂದನು. ರಷ್ಯದ ಅಲೆಕ್ಸೇ ಮೊಲ್ಚನೊವ್ 2018ರಲ್ಲಿ ಮೋನೋಫಿನ್ನಿನಿಂದ 130 ಮೀಟರು ಮುಟ್ಟಿದನು. ವಾಣೀವಿಲಾಸ ಸಾಗರದ ಪೂರ್ಣಮಟ್ಟವು 130 ಅಡಿ ಎಂದು ನಮ್ಮ ರೈತರೆಲ್ಲರಿಗೂ ಗೊತ್ತು. ಅದರ ಮೂರು ಪಟ್ಟಿಗೂ ಹೆಚ್ಚು ಆಳವನ್ನು ಒಂದೇ ಉಸಿರಿನಲ್ಲಿ ಕಂಡು ಬಂದನೆಂದಾಯಿತು.

ಈ ಅಂಕೆಗಳನ್ನು ಓದಿದ ಹುಡುಗನಿಗೆ ಉತ್ಸಾಹ ಬರುವುದು, ಓದಿದ ತಾಯಿಗೆ ಭಯ ಬರುವುದು. ನಮ್ಮ ಪಕ್ಷಪಾತವು ತಾಯಿಯ ಕಡೆಗೆ. ಅಲೆಕ್ಸೇಯ ತಾಯಿ ನತಾಲಿಯಾ ಮೊಲ್ಚನೊವಾ ಈ ವಿದ್ಯೆಯಲ್ಲಿ ಹೆಂಗಸರೊಳಗೆ ಅಗ್ರಗಣ್ಯಳಾಗಿದ್ದವಳು. 2015ರ ಆಗಸ್ಟಿನಲ್ಲಿ ಸ್ಪೇನಿಗೆ ಸೇರಿದ ಫೊರ್ಮೆಂತೇರಾ ದ್ವೀಪದ ಬಳಿ, ಸ್ಪರ್ಧೆಯಲ್ಲದ ಒಂದು ಸಾಮಾನ್ಯ ಮುಳುಗಿನಲ್ಲಿ, ಹೋದವಳು ಮೇಲೆ ಬರಲೇ ಇಲ್ಲ.

ಅಪಾಯವಿರುವುದೆಲ್ಲಿ? ಉಸಿರು ಕಟ್ಟಿದಾಗ ನಮಗೆ ಸಂಕಟವಾಗುವುದು ಮುಖ್ಯವಾಗಿ ಆಮ್ಲಜನಕ ಕಡಮೆಯಾದ್ದರಿಂದಲ್ಲ, ರಕ್ತದಲ್ಲಿ ಇಂಗಾಲದ ಡೈ ಆಕ್ಸೈಡು ಹೆಚ್ಚಾದ್ದರಿಂದ. ಮುಳುಗುವ ಮೊದಲು ಬೇಗಬೇಗನೆ ಉಸಿರಾಡಿದರೆ ಡೈ ಆಕ್ಸೈಡು ಹೊರಗೆ ಹೋಗಿ, ಆ ಎಚ್ಚರಿಕೆಯ ಗಂಟೆ ತಡವಾಗಿ ಬಾರಿಸುವುದು. ಆಮ್ಲಜನಕವು ಮಾತ್ರ ತನ್ನ ಪಾಡಿಗೆ ತೀರುತ್ತಿರುವುದು. ಇನ್ನೊಂದು ಸಂಗತಿ: ಸುಮಾರು ಮೂವತ್ತಮೂರು ಅಡಿ ಆಳದಲ್ಲಿ ಒತ್ತಡವು ಮೇಲಿನದರ ಇಮ್ಮಡಿಯಾಗುವುದು, 130 ಅಡಿಯಲ್ಲಿ ಸುಮಾರು ಐದು ಪಟ್ಟು. ಆ ಒತ್ತಡವು ಎದೆಯಲ್ಲಿರುವ ಅಲ್ಪ ಆಮ್ಲಜನಕವನ್ನೂ ರಕ್ತಕ್ಕೆ ನೂಕುತ್ತಿರುವುದು. ಮೇಲೆ ಬರುತ್ತ ಬರುತ್ತ ಒತ್ತಡವು ಇಳಿದು, ಕೊನೆಯ ಹದಿನೈದಿಪ್ಪತ್ತು ಅಡಿಗಳಲ್ಲಿ, ಬೆಳಕು ಕಾಣುತ್ತಿರುವಾಗಲೇ, ಯಾವ ಸಂಕಟವೂ ತೋರದೆ ಪ್ರಜ್ಞೆ ಹೋಗಬಹುದು. ಬೆಂಡು ಕಟ್ಟಿಕೊಂಡವನು ಮೂರ್ಛೆಹೋದರೆ ತೇಲುವನು. ಕಾಲುರೆಕ್ಕೆ ತೊಟ್ಟವನು ಮೂರ್ಛೆಹೋದರೆ ರೆಕ್ಕೆಯು ಸುಮ್ಮನಿರುವುದು. ಅಷ್ಟೇ ಅಲ್ಲ, ಒಳ್ಳೆಯ ರೆಕ್ಕೆಯು ಸುಲಭವಾಗಿ ಆಳಕ್ಕೆ ಒಯ್ಯುವುದರಿಂದ, ಹಿಂದಿರುಗುವ ಸಾಮರ್ಥ್ಯವಿಲ್ಲದವನನ್ನೂ ಒಯ್ದುಬಿಡುವುದು.

ಆದಕಾರಣ ಇದನ್ನು ಕಲಿತವರಲ್ಲಿ ಒಂದು ನಿಯಮವುಂಟು: ಒಬ್ಬನು ಕೆಳಗೆ ಹೋದಾಗ ಸಮಬಲನಾದ ಇನ್ನೊಬ್ಬನು ಮೇಲಿದ್ದು ಕಣ್ಣಿಟ್ಟಿರಬೇಕು, ಇಬ್ಬರೂ ಒಟ್ಟಿಗೆ ಮುಳುಗಕೂಡದು, ಒಬ್ಬನೇ ಎಂದಿಗೂ ಕೂಡದು. ಮೇಲೆ ಬಂದ ಮೇಲೆಯೂ ಅರ್ಧ ನಿಮಿಷ ಅವನ ಮುಖವನ್ನು ನೋಡುತ್ತಿರಬೇಕು. ದಡದಲ್ಲಿ ಕುಳಿತು ಮೊಬೈಲು ನೋಡುವ ಗೆಳೆಯನು ಈ ಲೆಕ್ಕಕ್ಕೆ ಬರುವುದಿಲ್ಲ. ಎಲ್ಲಿ ಅಭ್ಯಾಸಮಾಡಬೇಕೆಂಬುದೂ ಮುಖ್ಯ. ಕೋಟೆಯ ಹೊಂಡಗಳ ಮೆಟ್ಟಿಲು ಪಾಚಿಗಟ್ಟಿರುವುವು, ಅವು ಈಜುವ ಸ್ಥಳಗಳೂ ಅಲ್ಲ. ತೋಟದ ಬಾವಿಯಲ್ಲಿ ತಿರುಗಿಕೊಳ್ಳಲು ಸ್ಥಳವಿಲ್ಲ. ಜಲಾಶಯದ ಕದಡಿದ ನೀರಿನಲ್ಲಿ ಮೇಲಿನವನಿಗೆ ಕೆಳಗಿನವನು ಕಾಣುವುದಿಲ್ಲ. ಎಲ್ಲಕ್ಕಿಂತ ಕೆಟ್ಟದ್ದು ಹೊಲಗಳ ಕೃಷಿಹೊಂಡ: ಅದಕ್ಕೆ ಹಾಸಿದ ಪ್ಲಾಸ್ಟಿಕ್ಕು ನೆನೆದರೆ ಬರಿಗಾಲು ಸಹ ನಿಲ್ಲದು, ಗಜದುದ್ದದ ರೆಕ್ಕೆ ತೊಟ್ಟವನು ಹತ್ತಿ ಬರುವುದಂತೂ ಆಗದ ಮಾತು. ಕೊಳ್ಳುವ ಹಣದಲ್ಲಿ ಅರ್ಧವನ್ನು ಅಲಗಿಗೆ ಕೊಡದೆ ಬಲ್ಲ ಶಿಕ್ಷಕನಿಗೆ ಕೊಟ್ಟು, ಈಜುಕೊಳದಲ್ಲಿ ಕಲಿತು, ಆಮೇಲೆ ತಿಳಿನೀರಿನ ಸಮುದ್ರಕ್ಕೆ ಹೋಗುವುದು ಯುಕ್ತ. ಹೊಸದುರ್ಗದ ಯಜಮಾನಿಯವರಿಗೆ ನಾವು ಹೇಳಿದ್ದೂ ಇದನ್ನೇ. ಅವರು ಮಗನಿಂದ ಶಿಕ್ಷಕನ ಹೆಸರು, ಜೊತೆಗಾರನ ಹೆಸರು, ಇಬ್ಬರ ಫೋನು ಅಂಕೆಗಳನ್ನೂ ಕ್ಯಾಲೆಂಡರಿನ ಹಿಂದೆ ಬರೆಯಿಸಿಕೊಂಡರು.

ವಸ್ತು ಹೇಗೂ ಮನೆಗೆ ಬಂದಿರುವುದರಿಂದ ಅದನ್ನು ಇಡುವ ಕ್ರಮವನ್ನೂ ಹೇಳುವೆವು. ಸಮುದ್ರದಿಂದ ಬಂದೊಡನೆ ಸಿಹಿನೀರಿನಲ್ಲಿ ತೊಳೆದು ನೆರಳಿನಲ್ಲಿ ಆರಹಾಕಬೇಕು. ದುರ್ಗದ ಬೇಸಗೆಯಲ್ಲಿ ಕಲ್ಲುಹಾಸಿನ ಮೇಲೆ ಅಥವಾ ಮುಚ್ಚಿದ ಕಾರಿನೊಳಗೆ ಬಿಟ್ಟರೆ ಪ್ಲಾಸ್ಟಿಕ್ಕಿನ ಅಲಗು ಸೊಟ್ಟಗಾಗುವುದು, ಅಂಚುಪಟ್ಟಿಯ ಅಂಟು ಬಿಡುವುದು. ತುದಿಯ ಮೇಲೆ ಗೋಡೆಗೆ ಒರಗಿಸಿ ನಿಲ್ಲಿಸಬಾರದು. ಚಪ್ಪಟೆಯಾಗಿ ಮಲಗಿಸಬೇಕು, ಮೇಲೆ ಭಾರ ಹೇರಬಾರದು. ಮೆಟ್ಟಿನೊಳಗೆ ಹಳೆಯ ಕಾಗದವನ್ನು ತುರುಕಿದರೆ ಆಕಾರ ಕೆಡದು. ಅಟ್ಟದ ಮೇಲೆ ಇಡುವವರು ತಗಡಿನ ಪೆಟ್ಟಿಗೆಯಲ್ಲಿಡುವುದು ಒಳ್ಳೆಯದು. ಇಲಿಗಳು ಕಾರ್ಬನ್ನಿನ ಅಲಗನ್ನು ಮುಟ್ಟದಿದ್ದರೂ ರಬ್ಬರಿನ ಮೆಟ್ಟನ್ನು ಕಡಿದುಹಾಕುವುವು.